ದೂರ ಅದೇ, ಹೊತ್ತು ಬೇರೆ

ಎರಡು ಊರುಗಳ ನಡುವಿನ ದೂರವನ್ನು ಯಾರೂ ಹಿಗ್ಗಿಸಲಾರರು, ಕುಗ್ಗಿಸಲಾರರು. ಆದರೆ ಆ ದೂರವನ್ನು ಕ್ರಮಿಸಲು ಹಿಡಿಯುವ ಹೊತ್ತಿನ ಮಾತು ಹಾಗಲ್ಲ. ಯಂತ್ರ ಸುಧಾರಿಸಿದಂತೆ ಅದು ಕುಗ್ಗುತ್ತದೆ. ರಾಜಕಾರಣ ಹದಗೆಟ್ಟರೆ ಮತ್ತೆ ಹಿಗ್ಗುತ್ತದೆ. ಕರಾಚಿ ಮತ್ತು ಮುಂಬೈ ವಿಮಾನ ನಿಲ್ದಾಣಗಳ ಇತಿಹಾಸ ಇದಕ್ಕೆ ತಕ್ಕ ನಿದರ್ಶನ.

ಇವೆರಡರ ನಡುವಿನ ವಾಯುಮಾರ್ಗದ ಅಂತರ ಸುಮಾರು 875 ಕಿಲೋಮೀಟರ್. ಭೂಮಿ ಗುಂಡಗಿರುವುದರಿಂದ ಅದರ ಮೈಮೇಲೆ ಎಳೆಯಬಹುದಾದ ಅತಿ ಕಿರಿದಾದ ಬಾಗುಗೆರೆಯನ್ನೇ ವಿಮಾನಯಾನದಲ್ಲಿ ನೇರ ಅಂತರವೆಂದು ಲೆಕ್ಕ ಹಾಕುತ್ತಾರೆ. ವಿಮಾನ ಈ ಗೆರೆಯನ್ನೇ ಹಿಡಿದು ಹಾರುತ್ತದೆ ಎಂದೇನಿಲ್ಲ. ಗಾಳಿ, ಇಂಧನ, ಕೆಳಗಿನ ದೇಶದ ಅನುಮತಿ ಎಲ್ಲವೂ ದಾರಿಯನ್ನು ನಿರ್ಧರಿಸುತ್ತವೆ.

1932ರಲ್ಲಿ ದಾರಿಯನ್ನು ನಿರ್ಧರಿಸಿದ್ದು ಇಂಧನ. ಆಗ ಲಂಡನ್ನಿನಿಂದ ಇಂಪೀರಿಯಲ್ ಏರ್‌ವೇಸ್ ವಿಮಾನಗಳು ತರುತ್ತಿದ್ದ ಅಂಚೆಯನ್ನು ಕರಾಚಿಯಿಂದ ಮುಂದಕ್ಕೆ ಒಯ್ಯುವ ಕೆಲಸವನ್ನು ಟಾಟಾ ಸಂಸ್ಥೆ ವಹಿಸಿಕೊಂಡಿತು. ಆ ವರ್ಷದ ಅಕ್ಟೋಬರ್ 15ರ ಬೆಳಿಗ್ಗೆ ಜೆ.ಆರ್.ಡಿ. ಟಾಟಾ ಅವರು 'ಪಸ್ ಮಾತ್' ಎಂಬ ಒಂಟಿ ಎಂಜಿನ್ನಿನ ಪುಟ್ಟ ವಿಮಾನದಲ್ಲಿ ಅಂಚೆ ಚೀಲಗಳನ್ನು ಹೇರಿಕೊಂಡು ಕರಾಚಿಯ ದ್ರಿಘ್ ರೋಡ್ ನಿಲ್ದಾಣದಿಂದ ಹೊರಟರು. ವಿಮಾನದಲ್ಲಿ ರೇಡಿಯೋ ಇರಲಿಲ್ಲ. ಅಹಮದಾಬಾದಿನಲ್ಲಿ ಇಳಿದು, ಡಬ್ಬಿಗಳಲ್ಲಿ ತಂದ ಪೆಟ್ರೋಲು ತುಂಬಿಸಿಕೊಂಡು, ಮುಂಬೈಯ ಜುಹೂ ಬಯಲು ತಲುಪಿದಾಗ ಮಧ್ಯಾಹ್ನ ಎರಡು ಗಂಟೆಯಾಗುತ್ತಿತ್ತು. ಅಹಮದಾಬಾದಿನ ಸುತ್ತು ಸೇರಿ ಸುಮಾರು ಒಂದು ಸಾವಿರ ಕಿಲೋಮೀಟರಿಗೆ ಹಿಡಿದದ್ದು ಏಳು ಗಂಟೆಗೂ ತುಸು ಹೆಚ್ಚು. ಅಲ್ಲಿಂದ ನೆವಿಲ್ ವಿಂಟ್ಸೆಂಟ್ ಅಂಚೆಯನ್ನು ನಮ್ಮ ಬಳ್ಳಾರಿಯ ಮೂಲಕ ಮದ್ರಾಸಿಗೆ ಒಯ್ದರು. ಏರ್ ಇಂಡಿಯಾದ ಇತಿಹಾಸ ಮೊದಲಾಗುವುದು ಈ ಹಾರಾಟದಿಂದಲೇ. ಅದರ ಐವತ್ತನೇ ವರ್ಷವಾದ 1982ರಲ್ಲಿ, 78ರ ವಯಸ್ಸಿನ ಟಾಟಾ ಮತ್ತೆ ಅದೇ ದಾರಿಯಲ್ಲಿ ಹಳೆಯ 'ಲೆಪರ್ಡ್ ಮಾತ್' ವಿಮಾನ ಹಾರಿಸಿದರು.

ಆದರೆ ಅಷ್ಟರಲ್ಲಿ ಆ ದಾರಿಯ ನಡುವೆ ಒಂದು ಗಡಿ ಬಂದಿತ್ತು. 1947ರ ದೇಶವಿಭಜನೆ ಕರಾಚಿಯನ್ನು ಪಾಕಿಸ್ತಾನಕ್ಕೆ ಸೇರಿಸಿತು. ಜೆಟ್ ವಿಮಾನಗಳು ಬಂದ ಮೇಲೆ ಈ ಪ್ರಯಾಣ ಹೆಚ್ಚುಕಡಿಮೆ ಒಂದೂವರೆ ಗಂಟೆಗೆ ಇಳಿದರೂ, ಆಕಾಶದ ಬಾಗಿಲು ಮಾತ್ರ ತೆರೆಯುತ್ತ ಮುಚ್ಚುತ್ತ ಬಂದಿತು. ಸಂಸತ್ತಿನ ಮೇಲಿನ ದಾಳಿಯ ನಂತರ 2002ರ ಆರಂಭದಿಂದ ಎರಡು ವರ್ಷ ಉಭಯ ದೇಶಗಳ ವಿಮಾನಗಳಿಗೆ ಪರಸ್ಪರರ ವಾಯುಪ್ರದೇಶ ಮುಚ್ಚಿತ್ತು. 2019ರ ಫೆಬ್ರವರಿಯಲ್ಲಿ ಪಾಕಿಸ್ತಾನ ಮುಚ್ಚಿದ ಆಕಾಶ ಪೂರ್ತಿ ತೆರೆದದ್ದು ಜುಲೈ ಮಧ್ಯದಲ್ಲಿ. ಪಹಲ್ಗಾಮ್ ದಾಳಿಯ ನಂತರ 2025ರ ಏಪ್ರಿಲ್‌ನಲ್ಲಿ ಎರಡೂ ದೇಶಗಳು ಮತ್ತೆ ನಿರ್ಬಂಧ ಹೇರಿದವು.

ನೇರ ವಿಮಾನವಿಲ್ಲದ ಕಾಲದಲ್ಲಿ ಪ್ರಯಾಣಿಕರಿಗೆ ಉಳಿಯುವ ದಾರಿಗಳಲ್ಲಿ ದುಬೈ ಒಂದು. ಕರಾಚಿಯಿಂದ ದುಬೈಗೆ ಸುಮಾರು 1,190 ಕಿಲೋಮೀಟರ್, ದುಬೈಯಿಂದ ಮುಂಬೈಗೆ ಸುಮಾರು 1,930. ಎಂದರೆ ಅಸಲು ದೂರದ ಮೂರೂವರೆ ಪಟ್ಟು. ಹಾರಾಟಕ್ಕೇ ಐದು ಗಂಟೆ. ನಡುವೆ ವಿಮಾನ ಬದಲಿಸಲು ಕಾಯುವ ಹೊತ್ತು ಬೇರೆ. ಅಣ್ಣ ಅಲ್ಲಿ, ತಂಗಿ ಇಲ್ಲಿ ಎಂಬಂತೆ ಹಂಚಿಹೋದ ಕುಟುಂಬಗಳು ಎರಡೂ ನಗರಗಳಲ್ಲಿ ಉಂಟು. ಮದುವೆಗೋ ಸಾವಿಗೋ ಹೊರಟ ಅಂಥವರಿಗೆ ಸುಸಜ್ಜಿತ ಜೆಟ್ ವಿಮಾನವೂ 1932ರ ಪಸ್ ಮಾತ್‌ಗಿಂತ ಬೇಗ ಊರು ಮುಟ್ಟಿಸುವುದು ಕಷ್ಟ.