ಗಡುವಿಗೆ ಮುನ್ನ

ಮಾರ್ಚ್ ತಿಂಗಳು ಬಂತೆಂದರೆ ಕೇಂದ್ರ ಸರಕಾರದ ಕಚೇರಿಗಳಲ್ಲಿ ದುಡಿಯುವ ನಮ್ಮಂಥ ಗುಮಾಸ್ತರಿಗೆ ಒಂದು ವಿಚಿತ್ರ ಇಕ್ಕಟ್ಟು. ಉಳಿದ ಹನ್ನೊಂದು ತಿಂಗಳ ಸಂಬಳ ಆಯಾ ತಿಂಗಳ ಕೊನೆಯ ಕೆಲಸದ ದಿನವೇ ಬರುತ್ತದೆ. ಮಾರ್ಚ್ ತಿಂಗಳಿನದು ಮಾತ್ರ ಏಪ್ರಿಲಿನ ಮೊದಲ ಕೆಲಸದ ದಿನ. ಒಂದೆರಡು ದಿನದ ಅಂತರ ತಾನೇ ಎಂದು ಯಾರಾದರೂ ಕೇಳಬಹುದು. ಆದರೆ ದಾದರಿನಲ್ಲಿ ನಾವು ವ್ಯವಹರಿಸುವ ಬ್ಯಾಂಕಿನಲ್ಲಿ ನಮ್ಮ ಓವರ್‌ಡ್ರಾಫ್ಟಿನ ಅವಧಿ ಮುಗಿಯುತ್ತಿದ್ದುದು ಮಾರ್ಚ್ 31ಕ್ಕೆ. ಆ ದಿನ ದಾಟಿದರೆ ಮತ್ತೊಂದು ವರ್ಷದ ನವೀಕರಣ ಶುಲ್ಕ ತಪ್ಪದು. ಗಡುವು ಮಾರ್ಚಿನಲ್ಲಿ, ಸಂಬಳ ಏಪ್ರಿಲಿನಲ್ಲಿ! ಈ ಇಕ್ಕಟ್ಟಿನಿಂದಲೇ ನಮಗೆ ಓವರ್‌ಡ್ರಾಫ್ಟಿನ ಚರಿತ್ರೆಯನ್ನು ಕೆದಕುವ ಹುಚ್ಚು ಹತ್ತಿತು.

ಖಾತೆಯಲ್ಲಿ ಇಟ್ಟದ್ದಕ್ಕಿಂತ ಹೆಚ್ಚು ಹಣವನ್ನು, ಮೊದಲೇ ಗೊತ್ತುಪಡಿಸಿದ ಮಿತಿಯವರೆಗೆ ತೆಗೆಯಲು ಬ್ಯಾಂಕು ಕೊಡುವ ಅನುಮತಿಯೇ ಓವರ್‌ಡ್ರಾಫ್ಟ್. ಹಾಸಿಗೆ ಇದ್ದಷ್ಟು ಕಾಲು ಚಾಚು ಎಂದರು ಹಿರಿಯರು. ಹಾಸಿಗೆಯಾಚೆಗೂ ಒಂದು ಮೊಳ ಚಾಚು, ಬಾಡಿಗೆ ಕೊಡು ಎನ್ನುತ್ತದೆ ಬ್ಯಾಂಕು. ಬಡ್ಡಿಯ ಲೆಕ್ಕ ದಿನದ ಮೇಲೆ. ಐವತ್ತು ಸಾವಿರ ರೂಪಾಯಿಗೆ ಶೇಕಡಾ 12ರ ದರವೆಂದರೆ ದಿನಕ್ಕೆ 16 ರೂಪಾಯಿ 44 ಪೈಸೆ. ಸಾಮಾನ್ಯವಾಗಿ ಇದಕ್ಕೆ ತಿಂಗಳ ಕಂತಿಲ್ಲ. ಸಂಬಳ ಬಿದ್ದ ದಿನ ಸಾಲ ತೀರಿದಂತೆ ಕಾಣುತ್ತದೆ. ಹತ್ತನೆಯ ತಾರೀಖಿಗೆ ಮತ್ತೆ ಅಲ್ಲಿಗೇ ಬಂದು ನಿಲ್ಲುತ್ತದೆ.

ಇದರ ಹುಟ್ಟು ಬಹಳ ದೂರದ್ದು. 1728ರಲ್ಲಿ ಸ್ಕಾಟ್ಲೆಂಡಿನ ಎಡಿನ್‌ಬರೋ ಪಟ್ಟಣದ ವಿಲಿಯಂ ಹಾಗ್ ಎಂಬ ವ್ಯಾಪಾರಿಗೆ, ಖಾತೆಯಲ್ಲಿದ್ದುದಕ್ಕಿಂತ ಸಾವಿರ ಪೌಂಡು ಹೆಚ್ಚು ತೆಗೆಯಲು ರಾಯಲ್ ಬ್ಯಾಂಕ್ ಆಫ್ ಸ್ಕಾಟ್ಲೆಂಡ್ ಒಪ್ಪಿತು. ಇದನ್ನೇ ಮೊದಲ ಓವರ್‌ಡ್ರಾಫ್ಟ್ ಎನ್ನುತ್ತಾರೆ. ವ್ಯಾಪಾರಿಗೆ ಗಿರಾಕಿಗಳಿಂದ ಬರಬೇಕಾದ ಹಣ ಇರುತ್ತದೆ. ಅದು ಬರುವ ಮೊದಲೇ ತಾನು ಕೊಡಬೇಕಾದುದನ್ನು ಕೊಡಬೇಕಾಗುತ್ತದೆ. ನಡುವಿನ ದಿನಗಳಿಗೆ ಕಟ್ಟಿದ ಕಾಲುಸಂಕ ಇದು. ನೌಕರನ ಪಾಡು ಹಾಗಲ್ಲ. ಅವನಿಗೆ ಬರಬೇಕಾದುದು ಮುಂದಿನ ತಿಂಗಳ ಸಂಬಳವೊಂದೇ. ಅದನ್ನು ನುಂಗಲು ಮುಂದಿನ ತಿಂಗಳ ಖರ್ಚು ಆಗಲೇ ಬಾಯಿ ತೆರೆದು ಕೂತಿರುತ್ತದೆ.

ಮುಂಬಯಿಯ ನೌಕರನಿಗೆ ಬ್ಯಾಂಕಿನ ಬಾಗಿಲು ತೆರೆದುದು ತೀರ ತಡವಾಗಿ. ನಮ್ಮ ದಾದರ್, ಪರಳಗಳ ಗಿರಣಿ ಕೆಲಸಗಾರರಿಗೆ ಸಾಲ ಸಿಗುತ್ತಿದ್ದುದು ಜಾಬರನಿಂದ, ಅಂಗಡಿಯವನಿಂದ, ಇಲ್ಲವೆ ಸಂಬಳದ ದಿನ ಗಿರಣಿಯ ಬಾಗಿಲಲ್ಲಿ ದೊಣ್ಣೆ ಹಿಡಿದು ನಿಲ್ಲುತ್ತಿದ್ದ ಲೇವಾದೇವಿಯವನಿಂದ. 1931ರಲ್ಲಿ ವರದಿಯಿತ್ತ ಕಾರ್ಮಿಕರ ಕುರಿತ ರಾಯಲ್ ಕಮಿಷನ್, ಸಾಲ ವಸೂಲಿಗಾಗಿ ಕಾರ್ಖಾನೆಯ ಬಾಗಿಲನ್ನು ಮುತ್ತುವುದೇ ಅಪರಾಧವಾಗಬೇಕೆಂದು ಶಿಫಾರಸು ಮಾಡಿತೆಂದ ಮೇಲೆ ಆ ಕಾಟ ಎಷ್ಟಿತ್ತೆಂದು ಊಹಿಸಬಹುದು. ಗದಗಿನ ಕಡೆಯಿಂದ ಬಂದು ಗಿರಣಿಯ ಆಫೀಸಿನಲ್ಲಿ ದುಡಿದ ನಮ್ಮ ತಂದೆಯವರು ಸಾಲವೆಂದರೆ ಮೊದಲು ದೊಣ್ಣೆಯ ಸದ್ದನ್ನೇ ನೆನೆಯುತ್ತಿದ್ದರು.

ಈ ಕಾಟಕ್ಕೆ ಮದ್ದನ್ನು ಹುಡುಕಿದವರಲ್ಲಿ ನಮ್ಮ ನಾಡಿನವರೂ ಉಂಟು ಎಂಬುದು ಹೆಮ್ಮೆಯ ಸಂಗತಿ. 1904ರಲ್ಲಿ ಸಹಕಾರಿ ಪತ್ತಿನ ಸಂಘಗಳ ಕಾಯಿದೆ ಬಂತು. ಮರುವರ್ಷವೇ, ಆಗ ಮುಂಬಯಿ ಪ್ರಾಂತ್ಯಕ್ಕೆ ಸೇರಿದ್ದ ಗದಗ ತಾಲೂಕಿನ ಕಣಗಿನಹಾಳದಲ್ಲಿ ಸಿದ್ದನಗೌಡ ಸಣ್ಣರಾಮನಗೌಡ ಪಾಟೀಲರು ರೈತರ ಪತ್ತಿನ ಸಂಘವನ್ನು ಕಟ್ಟಿದರು. 1906ರ ಡಿಸೆಂಬರ್ 27ರಂದು ಮುಂಬಯಿ ನಗರದಲ್ಲೇ, ಕೆನರಾ ಕಡೆಯಿಂದ ಬಂದು ನೆಲೆಸಿದ್ದ ಚಿತ್ರಾಪುರ ಸಾರಸ್ವತರು ಶಾಮರಾವ್ ವಿಠಲ್ ಸಹಕಾರಿ ಸಂಘವನ್ನು ಸ್ಥಾಪಿಸಿದರು. ಶ್ರೀಪಾದ ಸುಬ್ರಾವ್ ತಲ್ಮಕಿಯವರು ತಮ್ಮ ಗುರು ಶಾಮರಾವ್ ವಿಠಲ್ ಕಾಯ್ಕಿಣಿಯವರ ಹೆಸರನ್ನು ಅದಕ್ಕಿಟ್ಟರು. ಇಂದಿನ ಎಸ್‌ವಿಸಿ ಬ್ಯಾಂಕು ಅದೇ. ಇಂಥ ಸಂಘಗಳಲ್ಲಿ ಸಾಲ ಬೇಕಾದವನಿಗೆ ಪರಿಚಯದವರು ಜಾಮೀನು ನಿಲ್ಲಬೇಕು. ತೀರಿಸುವ ದಿನ ಸಾಲ ಪಡೆಯುವ ದಿನವೇ ಗೊತ್ತಾಗಿರುತ್ತದೆ. ತಪ್ಪಿದರೆ ದೊಣ್ಣೆಯಿಲ್ಲ, ಆದರೆ ಜಾಮೀನು ನಿಂತ ಸ್ನೇಹಿತನ ಮುಖ ನೋಡಬೇಕಲ್ಲ!

ಸಾಲಕ್ಕೆ ಗಡುವು ಕಟ್ಟಿದರೆ ಸಾಲದು, ಗಡುವಿನ ದಿನ ಕೈಯಲ್ಲಿ ಕಾಸೂ ಇರಬೇಕು. ಆ ದಾರಿಯನ್ನು ಉಡುಪಿ ತೋರಿಸಿತು. ಡಾ. ಟಿ. ಎಂ. ಎ. ಪೈ, ಉಪೇಂದ್ರ ಪೈ, ವಾಮನ ಕುಡ್ವ ಇವರು 1925ರಲ್ಲಿ ಆರಂಭಿಸಿದ ಸಂಸ್ಥೆ ಮುಂದೆ ಸಿಂಡಿಕೇಟ್ ಬ್ಯಾಂಕಾಯಿತು. 2020ರಲ್ಲಿ ಕೆನರಾ ಬ್ಯಾಂಕಿನಲ್ಲಿ ಸೇರಿಹೋಯಿತು. 1928ರಲ್ಲಿ ಅದು ಪಿಗ್ಮಿ ಠೇವಣಿಯನ್ನು ತಂದಿತು. ಏಜೆಂಟನು ದಿನವೂ ಮನೆಬಾಗಿಲಿಗೆ ಬಂದು ಎರಡಾಣೆಯಾದರೂ ಒಯ್ಯುತ್ತಿದ್ದ. ಓವರ್‌ಡ್ರಾಫ್ಟಿನಲ್ಲಿ ಬಡ್ಡಿ ದಿನದಿನಕ್ಕೆ ಬೆಳೆದರೆ ಪಿಗ್ಮಿಯಲ್ಲಿ ಉಳಿತಾಯ ದಿನದಿನಕ್ಕೆ ಬೆಳೆಯುತ್ತದೆ.

ಗಡುವಿನ ಮಹತ್ವ ನಮ್ಮಂಥ ಸಣ್ಣವರಿಗಷ್ಟೇ ಎಂದು ತಿಳಿಯಬೇಕಾಗಿಲ್ಲ. ನಮಗೆ ಸಂಬಳ ಕೊಡುವ ಭಾರತ ಸರಕಾರಕ್ಕೂ ಒಂದು ಖಾತೆಯುಂಟು. ಅದು ದಾದರಿನಿಂದ ಲೋಕಲ್ ಹಿಡಿದರೆ ಸಿಗುವ ಫೋರ್ಟಿನ ರಿಸರ್ವ್ ಬ್ಯಾಂಕಿನಲ್ಲಿ. 1955ರಲ್ಲಿ ಆದ ಏರ್ಪಾಡಿನಂತೆ, ಶುಕ್ರವಾರ ಆ ಖಾತೆಯ ಶಿಲ್ಕು 50 ಕೋಟಿ ರೂಪಾಯಿಗಿಂತ ಇಳಿದರೆ 91 ದಿನಗಳ ತಾತ್ಕಾಲಿಕ ಖಜಾನೆ ಹುಂಡಿಯನ್ನು ಹೊರಡಿಸಿ ಕೊರತೆ ತುಂಬಲಾಗುತ್ತಿತ್ತು. ಹೆಸರು ತಾತ್ಕಾಲಿಕ; ಆದರೆ 91 ದಿನ ಕಳೆದಾಗ ಹಳೆಯ ಹುಂಡಿಯ ಜಾಗಕ್ಕೆ ಹೊಸದು ಬರುತ್ತಿತ್ತು. ಹೀಗೆ ನಾಲ್ಕು ದಶಕ ನಡೆಯಿತು. ಡಾ. ಮನಮೋಹನ ಸಿಂಗರು ಅರ್ಥಮಂತ್ರಿಗಳಾಗಿ, ಡಾ. ಸಿ. ರಂಗರಾಜನ್ ಗವರ್ನರರಾಗಿ ಇದ್ದಾಗ, 1994ರಲ್ಲಿ ಇದನ್ನು ನಿಲ್ಲಿಸುವ ಒಪ್ಪಂದವಾಯಿತು. 1997ರ ಮಾರ್ಚ್ 31ಕ್ಕೆ ಆ ಹುಂಡಿಗಳ ಯುಗ ಮುಗಿಯಿತು. ಕೊನೆಗೆ ಗಡುವಾದುದು ಅದೇ ಮಾರ್ಚ್ 31! ಮರುದಿನದಿಂದ ಮಿತಿಯುಳ್ಳ ಮುಂಗಡ ಬಂತು. 1999ರ ಏಪ್ರಿಲಿನಿಂದ ಓವರ್‌ಡ್ರಾಫ್ಟು ಸತತ ಹತ್ತು ಕೆಲಸದ ದಿನಗಳನ್ನು ಮೀರಕೂಡದೆಂದಾಯಿತು. ರಾಜ್ಯ ಸರಕಾರಗಳಿಗೆ 1985ರ ಯೋಜನೆ ಏಳು ಕೆಲಸದ ದಿನಗಳನ್ನಷ್ಟೇ ಕೊಟ್ಟಿತ್ತು. ಮುಂದೆ ಅದು ಹದಿನಾಲ್ಕಕ್ಕೆ ಏರಿತು. ಮೀರಿದರೆ ರಿಸರ್ವ್ ಬ್ಯಾಂಕು ಆ ರಾಜ್ಯದ ಪರವಾಗಿ ಹಣ ಪಾವತಿಸುವುದನ್ನೇ ನಿಲ್ಲಿಸುತ್ತದೆ.

ಇನ್ನು ನಮ್ಮ ಕತೆ. ತಂದೆಯವರ ಕಾಯಿಲೆಯ ವೇಳೆ ತೆಗೆದ ಐವತ್ತು ಸಾವಿರ, ಅವರು ತೀರಿಕೊಂಡ ಮೇಲೂ ಎರಡು ವರ್ಷ ಖಾತೆಯಲ್ಲಿ ಉಳಿದಿತ್ತು. ಮೊದಲ ವರ್ಷ ಮಾರ್ಚ್ 30ಕ್ಕೆ ಅಲ್ಲಿ ಇಲ್ಲಿ ಕೈಗಡ ತಂದು ಪೂರ್ತಿ ತುಂಬಿದೆವು. ಗೆದ್ದೆವೆಂದು ಮನೆಗೆ ಬಂದೆವು. ಏಪ್ರಿಲಿನಲ್ಲಿ ನೋಡಿದರೆ ನವೀಕರಣದ ಶುಲ್ಕ ಕಡಿತವಾಗಿತ್ತು. ವಿಚಾರಿಸಿದಾಗ, “ಹಣ ತುಂಬಿದ್ದೀರಿ ನಿಜ. ಆದರೆ ಮಿತಿಯನ್ನು ರದ್ದು ಮಾಡಿರೆಂದು ಬರೆದುಕೊಟ್ಟಿಲ್ಲವಲ್ಲ?” ಎಂದರು. ತೀರಿಸುವುದು ಬೇರೆ, ಮುಚ್ಚುವುದು ಬೇರೆ. ಹಗಲೆಲ್ಲ ಕಡತಗಳನ್ನು ಮುಚ್ಚುವುದೇ ಕಸುಬಾದ ನಮಗೆ ಇದು ಹೊಳೆಯಲಿಲ್ಲ! ಕೈಗಡ ಹಿಂತಿರುಗಿಸಲು ಮತ್ತೆ ಅದೇ ಖಾತೆಯಿಂದ ತೆಗೆದೆವು. ಖಜಾನೆಯ ಹುಂಡಿಯಂತೆ ನಮ್ಮದೂ ಹಳೆಯದರ ಜಾಗಕ್ಕೆ ಹೊಸದಾಯಿತು.

ಮರುವರ್ಷ ಮನೆಯಾಕೆ ಲೆಕ್ಕವನ್ನು ತನ್ನ ಕೈಗೆ ತೆಗೆದುಕೊಂಡಳು. ದಿನಕ್ಕೆ ನೂರೈವತ್ತರಂತೆ ವರ್ಷವಿಡೀ ಪಿಗ್ಮಿ ಕಟ್ಟಿದಳು. ಬೇಸಿಗೆಯಲ್ಲಿ ಊರಿಗೆ ಹೋಗುವುದು ತಪ್ಪಿತು. ಮಕ್ಕಳು ಮುಖ ಊದಿಸಿಕೊಂಡರು. ಮಾರ್ಚಿನ ಸಂಬಳವನ್ನು ಲೆಕ್ಕಕ್ಕೇ ಹಿಡಿಯದೆ, ಫೆಬ್ರವರಿಯ ಕೊನೆಗೇ ಪಿಗ್ಮಿಯ ಹಣದಿಂದ ಸಾಲ ತುಂಬಿ, ಮಿತಿ ರದ್ದುಪಡಿಸುವ ಪತ್ರ ಕೊಟ್ಟು, ಅದರ ಪ್ರತಿಗೆ ಬ್ಯಾಂಕಿನ ಮುದ್ರೆ ಒತ್ತಿಸಿಕೊಂಡು ಬಂದೆವು.

ಇಂದು ನಮ್ಮ ಹುಡುಗರಿಗೆ ಮೊಬೈಲಿನಲ್ಲೇ ಓವರ್‌ಡ್ರಾಫ್ಟು ಸಿಗುತ್ತದೆ. ಜಾಮೀನಿಗೆ ಸ್ನೇಹಿತ ಬೇಡ, ಬಾಗಿಲಲ್ಲಿ ದೊಣ್ಣೆಯವನೂ ಇಲ್ಲ. ಆದುದರಿಂದಲೇ ತೀರಿಸುವ ದಿನವನ್ನು ಅವರೇ ಗೊತ್ತುಮಾಡಿಕೊಳ್ಳಬೇಕು. ಸಂಘದ ಬಂಧುಗಳಲ್ಲಿ ನಮ್ಮ ಬಿನ್ನಹ ಇಷ್ಟೇ: ಸಾಲ ತೆಗೆದ ದಿನವೇ ತೀರಿಸುವ ದಿನವನ್ನು ಕ್ಯಾಲೆಂಡರಿನಲ್ಲಿ ಗುರುತು ಹಾಕಿ, ತೀರಿದ ದಿನ ಮುಚ್ಚುವ ಪತ್ರ ಕೊಡಲು ಮರೆಯದಿರಿ. ಮುದ್ರೆಯೊತ್ತಿದ ಆ ಪ್ರತಿಯನ್ನು ಮನೆಯಾಕೆ ತಂದೆಯವರ ಫೋಟೋದ ಹಿಂದೆ ಸಿಕ್ಕಿಸಿದ್ದಾಳೆ.