ಬೆಂಗಳೂರಿನ ಪೇಟೆ, ಬಡಾವಣೆಗಳು ಮತ್ತು ಶ್ರಾವಕರ ವಸತಿ

ಕ್ರಿ.ಶ. ೧೫೩೭ರಲ್ಲಿ ಕೆಂಪೇಗೌಡರು ಕಟ್ಟಿಸಿದ ಬೆಂಗಳೂರು ಪೇಟೆಯು ವೃತ್ತಿಗಳಿಗನುಗುಣವಾಗಿ ಬೆಳೆದ ನಗರ. ಅಕ್ಕಿಪೇಟೆ, ಅರಳೇಪೇಟೆ, ಬಳೇಪೇಟೆ, ಗಾಣಿಗರಪೇಟೆ, ಕುಂಬಾರಪೇಟೆ ಎಂಬ ಹೆಸರುಗಳೇ ಇದಕ್ಕೆ ಸಾಕ್ಷಿ. ಇಕ್ಕಟ್ಟಾದ ಬೀದಿ, ಬೀದಿಗೆ ತಾಗಿದ ಜಗಲಿ, ಮುಂದೆ ಅಂಗಡಿ, ಹಿಂದೆ ಇಲ್ಲವೇ ಮಾಳಿಗೆಯ ಮೇಲೆ ವಾಸ: ಇದು ವರ್ತಕರ ಮನೆಗಳ ರೀತಿಯಾಗಿತ್ತು. ಅಂಗಡಿಯಲ್ಲಿದ್ದ ಶ್ರಾವಕನಿಗೆ ಸೂರ್ಯಾಸ್ತಕ್ಕೆ ಮುನ್ನ ಮನೆಯೂಟ ಮುಗಿಸುವುದು ಕಷ್ಟವಾಗಿರಲಿಲ್ಲ.

೧೮೦೯ರಲ್ಲಿ ಸ್ಥಾಪಿತವಾದ ದಂಡು ಪ್ರದೇಶದಲ್ಲಿ ವಿಶಾಲ ಆವರಣಗಳ ನಡುವೆ ಬಂಗಲೆಗಳು ಎದ್ದವು. ೧೮೯೮ರ ಪ್ಲೇಗ್ ಮಹಾಮಾರಿಯು ಪೇಟೆಯ ಇಕ್ಕಟ್ಟಿನ ಅಪಾಯವನ್ನು ಜನರಿಗೆ ಮನಗಾಣಿಸಿತು. ಅಗಲವಾದ ನೇರ ರಸ್ತೆಗಳಿಂದ ಕೂಡಿದ ಬಸವನಗುಡಿ, ಮಲ್ಲೇಶ್ವರ ಬಡಾವಣೆಗಳಲ್ಲಿ ಗಾಳಿ ಬೆಳಕುಳ್ಳ, ಹಿತ್ತಲು ಹೂದೋಟಗಳುಳ್ಳ ಮನೆಗಳು ಬೆಳೆದವು. ೧೯೪೮ರಲ್ಲಿ ಜಯನಗರಕ್ಕೆ ಅಡಿಗಲ್ಲು ಬಿದ್ದಿತು. ಇಂದು ನಗರವು ಬಹುಮಹಡಿ ಕಟ್ಟಡಗಳಾಗಿ ಮೇಲಕ್ಕೂ ಬೆಳೆಯುತ್ತಿದೆ.

ಈ ವಿಸ್ತರಣದಿಂದ ಆರೋಗ್ಯವೂ ಅನುಕೂಲವೂ ಲಭಿಸಿದವೆಂಬುದು ನಿಜ. ಆದರೆ ಅಂಗಡಿ ಪೇಟೆಯಲ್ಲಿ, ಮನೆ ದೂರದ ಬಡಾವಣೆಯಲ್ಲಿ ಎಂದಾದಾಗ ರಾತ್ರಿಭೋಜನತ್ಯಾಗವು ಕಠಿನವಾಯಿತು. ನಿತ್ಯದ ಜಿನದರ್ಶನವು ಅನೇಕರಿಗೆ ವಾರಕ್ಕೊಮ್ಮೆಯ ದರ್ಶನವಾಯಿತು. ಪಾದವಿಹಾರಿಗಳಾದ ಮುನಿಗಳನ್ನು ಎತ್ತರದ ಮಹಡಿಯ ಮನೆಗೆ ಪಡಗಾಹಿಸಿ ಆಹಾರದಾನ ಮಾಡುವುದೂ ಸುಲಭವಲ್ಲ.

ಆದುದರಿಂದ ಮನೆಗಳು ಹರಡಿದ ಕಡೆಯಲ್ಲೆಲ್ಲ ನಡೆದು ಹೋಗುವಷ್ಟು ಸಮೀಪದಲ್ಲಿ ಬಸದಿಯಿರಬೇಕಾದುದು ಅವಶ್ಯ. ನೂತನ ಬಸದಿಯೊಂದರ ಪ್ರತಿಷ್ಠೆಯು ನೆರೆಹೊರೆಯ ಶ್ರಾವಕ ಕುಟುಂಬಗಳ ನಿತ್ಯಾಚಾರಕ್ಕೆ ಮರಳಿ ಆಧಾರವಾದಾಗಲೇ ಸಾರ್ಥಕವೆನಿಸುವುದು.