ಕೇಳಿ ಪಡೆದ ಪದಕ

ಪುಣೆಯ ಖಡಕಿಯ ದಂಡುಪ್ರದೇಶದಲ್ಲಿ, ಬಾಂಬೆ ಸ್ಯಾಪರ್ಸ್ ಎಂದು ಪ್ರಸಿದ್ಧವಾದ ಎಂಜಿನಿಯರ್ ದಳದ ಕೇಂದ್ರವಿದೆ. ಅದಕ್ಕೆ ಸೇರಿದ ರೆಕಾರ್ಡ್ ಆಫೀಸಿನಲ್ಲಿ, ಆ ದಳದಲ್ಲಿ ಸೇವೆಮಾಡಿ ಊರಿಗೆ ಹಿಂತಿರುಗಿದ ಸಿಪಾಯಿಗಳ ತಾರುಣ್ಯವೆಲ್ಲ ಷೀಟ್ ರೋಲ್ ಎಂಬ ಹಾಳೆಗಳಲ್ಲಿ ಸಂಗ್ರಹವಾಗಿದೆ. ಭರ್ತಿಯಾದ ದಿನ, ಬಡ್ತಿ, ಶಿಕ್ಷೆ, ಮದುವೆ, ಮಕ್ಕಳ ಜನನ, ಪದಕ, ಯಾವುದೇ ಆಗಲಿ, ಪಲ್ಟನ್ನಿನ ಕಚೇರಿ ಅದನ್ನು ಪಾರ್ಟ್ ಟೂ ಆರ್ಡರಿನಲ್ಲಿ ಪ್ರಕಟಿಸಿದ ಮೇಲೆಯೇ ಆ ಹಾಳೆಯನ್ನು ಸೇರತಕ್ಕದ್ದು. ಪ್ರಕಟವಾಗದೆ ಉಳಿದದ್ದು, ಕಚೇರಿಯ ಶಾಸ್ತ್ರದ ಪ್ರಕಾರ, ಜರುಗಲೇ ಇಲ್ಲ.

1971ರ ಯುದ್ಧದಲ್ಲಿ ಹದಿನೆಂಟು ವರ್ಷದವನಾಗಿದ್ದ ಸಿಪಾಯಿ ಇಂದು ಎಪ್ಪತ್ತನ್ನು ದಾಟಿದ್ದಾನೆ. ಪೂರ್ವದ ರಣರಂಗದಲ್ಲಿದ್ದವರಿಗೆ ಪೂರ್ವೀ ಸ್ಟಾರ್, ಪಶ್ಚಿಮದಲ್ಲಿದ್ದವರಿಗೆ ಪಶ್ಚಿಮೀ ಸ್ಟಾರ್, ಅದರೊಂದಿಗೆ ಸಂಗ್ರಾಮ ಪದಕ ಎಂದು ಸರ್ಕಾರವೇನೋ ಸಾರಿತು. ಆದರೆ ಗುಮಾಸ್ತನ ಲೇಖನಿ ಒಂದು ಸಾಲನ್ನು ದಾಟಿ ಮುಂದಕ್ಕೆ ಹೋದದ್ದರಿಂದಲೋ, ಗಾಯಗೊಂಡು ಆಸ್ಪತ್ರೆಯಿಂದ ಆಸ್ಪತ್ರೆಗೆ ಹೋಗುತ್ತಿದ್ದಾಗ ಕಾಗದ ಅವನನ್ನು ಹಿಂಬಾಲಿಸಲಾರದೆ ನಿಂತದ್ದರಿಂದಲೋ, ಡಿಸ್ಚಾರ್ಜ್ ಬುಕ್ಕಿನಲ್ಲಿ ಪದಕಗಳಿಗೆಂದು ಬಿಟ್ಟ ಜಾಗ ಖಾಲಿಯಾಗಿಯೇ ಉಳಿದಿರುವುದುಂಟು. ಇಂಥ ಪದಕದಿಂದ ಪಿಂಚಣಿ ಒಂದು ಕಾಸಿನಷ್ಟೂ ಏರುವುದಿಲ್ಲ. ಆದರೂ ಮುದುಕ, ಮೊಮ್ಮಗನ ಕೈಯಿಂದ ಅರ್ಜಿ ಬರೆಯಿಸಿ, ಆ ಬುಕ್ಕಿನ ಜೀರ್ಣವಾದ ಪುಟಗಳ ನಕಲನ್ನು ಲಗತ್ತಿಸಿ, ರೆಕಾರ್ಡ್ ಆಫೀಸಿಗೆ ರಿಜಿಸ್ಟರ್ ಅಂಚೆಯಲ್ಲಿ ಕಳುಹಿಸುತ್ತಾನೆ. ಈ ಅರ್ಜಿಯ ವಂಶಾವಳಿಯನ್ನು ಶೋಧಿಸುತ್ತ ಹಿಂದಕ್ಕೆ ಹೋದರೆ, ಆಶ್ಚರ್ಯವೆಂಬಂತೆ, ಇದೇ ಖಡಕಿಯ ಬಯಲಿಗೇ ಬಂದು ಮುಟ್ಟುತ್ತೇವೆ.

1817ರ ನವೆಂಬರ್ 5ರಂದು ಇಲ್ಲಿ ಪೇಶ್ವೆ ಎರಡನೆಯ ಬಾಜಿರಾಯನ ಸೈನ್ಯಕ್ಕೂ ಈಸ್ಟ್ ಇಂಡಿಯಾ ಕಂಪನಿಯ ಪಡೆಗೂ ಯುದ್ಧವಾಯಿತು. ಪೇಶ್ವೆಯ ಕಡೆ ಸೇನಾಪತಿ ಬಾಪೂ ಗೋಖಲೆ. ಈ ಕಡೆ ಕರ್ನಲ್ ಬರ್. ನದಿಗಳ ಸಂಗಮದ ಬಳಿ ಇದ್ದ ತನ್ನ ನಿವಾಸವನ್ನು ತೊರೆದು ಬಂದ ಕಂಪನಿಯ ರೆಸಿಡೆಂಟ್ ಎಲ್ಫಿನ್‌ಸ್ಟನ್, ಅದು ಹೊತ್ತಿ ಉರಿದುದನ್ನು ಕೇಳಬೇಕಾಯಿತು. ಹನ್ನೆರಡು ದಿನಗಳ ತರುವಾಯ, ಯೆರವಡೆಯ ಕಾಳಗ ಮುಗಿದು ಪುಣೆ ಕಂಪನಿಯ ವಶವಾಯಿತು. 1818ರ ಹೊಸವರ್ಷದ ದಿನ ಭೀಮಾತೀರದ ಕೋರೆಗಾಂವಿನಲ್ಲಿ, ಶಿರೂರಿನಿಂದ ರಾತ್ರಿಯೆಲ್ಲ ನಡೆದು ಬಂದ ಕ್ಯಾಪ್ಟನ್ ಸ್ಟಾಂಟನ್ನನ ಸಣ್ಣ ತುಕಡಿ ಹಗಲೆಲ್ಲ ನೀರಿಲ್ಲದೆ ಹೋರಾಡಿತು. ಇವೆಲ್ಲ ಇತಿಹಾಸದ ಪಠ್ಯದಲ್ಲಿ ಇರುವಂಥವೇ. ಪಠ್ಯದಲ್ಲಿ ಇಲ್ಲದ ಸಂಗತಿಯೆಂದರೆ, ಈ ಕಾಳಗಗಳಲ್ಲಿ ಹೋರಾಡಿದ ಸಾಮಾನ್ಯ ಸಿಪಾಯಿಯ ಎದೆಯ ಮೇಲೆ ಮೂವತ್ತನಾಲ್ಕು ವರ್ಷಗಳ ಕಾಲ ಏನೂ ಇರಲಿಲ್ಲವೆಂಬುದು.

ಪದಕ ಅವನಿಗೆ ಒದಗಿದ ಬಗೆ ವಿಚಿತ್ರವಾದುದು. ನೆಪೋಲಿಯನ್ನನ ವಿರುದ್ಧ ಸ್ಪೇನಿನಲ್ಲಿ ಕಾದಾಡಿದ ಆಂಗ್ಲ ಸೈನಿಕರು ತಮಗೂ ಪದಕ ಬೇಕೆಂದು ದಶಕಗಳ ಕಾಲ ಬೇಡಿ, ರಿಚ್ಮಂಡಿನ ಡ್ಯೂಕ್ ಅವರ ಪಕ್ಷ ವಹಿಸಿ ವಾದಿಸಿ, ಕಟ್ಟಕಡೆಗೆ 1847ರಲ್ಲಿ ಅದನ್ನು ದೊರಕಿಸಿಕೊಂಡರು. ಅದರ ಬೆನ್ನಿಗೇ, ಇಂಡಿಯದಲ್ಲಿ ಕಾದಿದವರ ಗತಿಯೇನೆಂಬ ಪ್ರಶ್ನೆಯೂ ಎದ್ದಿತು. 1851ರಲ್ಲಿ ರಾಣಿಯ ಅನುಮತಿ ಪಡೆದು ಕಂಪನಿ ತನ್ನ ಖರ್ಚಿನಲ್ಲಿ ‘ಆರ್ಮಿ ಆಫ್ ಇಂಡಿಯ’ ಎಂಬ ಬೆಳ್ಳಿಯ ಪದಕವನ್ನು ಹೊರಡಿಸಿತು. ತಿಳಿನೀಲಿಯ ರಿಬ್ಬನ್ನು; ರಿಬ್ಬನ್ನಿನ ಮೇಲೆ, ಯಾವ ಕಾಳಗದಲ್ಲಿದ್ದನೆಂಬುದನ್ನು ಸೂಚಿಸುವ ಬೆಳ್ಳಿಯ ಅಡ್ಡಪಟ್ಟಿ. ಇಂಥ ಪಟ್ಟಿಗಳು ಒಟ್ಟು 21 ಬಗೆಯವಾಗಿದ್ದುವು. ಅವುಗಳಲ್ಲಿ ‘ಕಿರ್ಕಿ’, ಅಂದರೆ ಖಡಕಿ, ಒಂದು, ‘ಪೂನಾ’ ಮತ್ತೊಂದು, ಎರಡರಲ್ಲಿಯೂ ಇದ್ದವನಿಗೆ ‘ಕಿರ್ಕಿ ಮತ್ತು ಪೂನಾ’ ಎಂಬ ಸಂಯುಕ್ತವಾದುದು, ಮತ್ತೆ ‘ಕೋರಿಗಾಮ್’. ಹೀಗೆ ಈ ಒಂದು ಊರಿಗೂ ಅದರ ನೆರೆಗೂ ನಾಲ್ಕು ಪಟ್ಟಿಗಳು ಸಂದುವು. ಪದಕದ ಮುಖದಲ್ಲಿ ವಿಕ್ಟೋರಿಯಾ ರಾಣಿಯ ಶಿರೋಭಾಗವನ್ನು ಅಚ್ಚೊತ್ತಿದ್ದರು; ಆಕೆ ಹುಟ್ಟಿದುದೇ 1819ರಲ್ಲಿ, ಖಡಕಿಯ ತೋಪುಗಳು ತಣ್ಣಗಾದ ಒಂದೂವರೆ ವರ್ಷದ ಮೇಲೆ!

ನಿಬಂಧನೆ ಇದ್ದುದು ಎರಡೇ: ಬದುಕಿರಬೇಕು, ಕೇಳಬೇಕು. ಮಡಿದವನ ಮಗನಿಗೆ ಹಕ್ಕಿಲ್ಲ. ಖಡಕಿಯಲ್ಲಿ ಇಪ್ಪತ್ತರ ಪ್ರಾಯದವನಾಗಿದ್ದವನಿಗೆ ಈಗ ಐವತ್ತನಾಲ್ಕು. ಕೊಂಕಣದ ಯಾವುದೋ ಹಳ್ಳಿಯಲ್ಲಿ ಪಿಂಚಣಿಯ ಮೇಲೆ ಕಾಲ ಕಳೆಯುತ್ತಿದ್ದ, ಓದು ಬಾರದ ಹವಾಲ್ದಾರನಿಗೆ ಸಮುದ್ರದಾಚೆಯ ಈ ಔದಾರ್ಯ ಯಾವ ಭಾಷೆಯಲ್ಲಿ, ಯಾರ ಬಾಯಿಂದ ಮುಟ್ಟಬೇಕು? ಇಪ್ಪತ್ತಮೂರು ವರ್ಷಗಳ ಯುದ್ಧಗಳಿಗೆಲ್ಲ ಸೇರಿ ಹೊರಬಿದ್ದ ಪದಕಗಳು ಸುಮಾರು 4,500 ಮಾತ್ರ. ಅವುಗಳಲ್ಲಿ ಅರ್ಧಕ್ಕೆ ಹತ್ತಿರದಷ್ಟು 1824–26ರ ಬರ್ಮಾ ಯುದ್ಧಕ್ಕೇ ಹೋದುವು, ಏಕೆಂದರೆ ಆ ಯುದ್ಧದವರು ಇನ್ನೂ ಜೀವಂತವಾಗಿದ್ದರು. ಕೋರೆಗಾಂವಿನ ನಾಯಕ ಸ್ಟಾಂಟನ್ 1825ರಲ್ಲಿಯೇ ತೀರಿಕೊಂಡಿದ್ದನಾದ್ದರಿಂದ ಅವನಿಗೂ ಇದು ಪ್ರಾಪ್ತವಾಗಲಿಲ್ಲ.

ಕನ್ನಡಿಗನಾಗಿ ಈ ಪದಕವನ್ನು ನೋಡುವಾಗ ನನಗೆ ಇನ್ನೊಂದು ಕೊರತೆ ಕಣ್ಣಿಗೆ ಬೀಳುತ್ತದೆ. ಅದರ ಹಿಮ್ಮುಖದಲ್ಲಿ ‘1799–1826’ ಎಂದು ಅಂಕಿತವಾಗಿದೆ. 1799 ಶ್ರೀರಂಗಪಟ್ಟಣದ ಪತನದ ವರ್ಷ; ಆದರೆ ಪಟ್ಟಿಗಳು ಮೊದಲಾಗುವುದು 1803ರಿಂದ, ಶ್ರೀರಂಗಪಟ್ಟಣದ ಹೆಸರಿನ ಪಟ್ಟಿ ಇಲ್ಲ. ಇದಕ್ಕೆ ಸಮಾಧಾನವುಂಟು: ಆ ಯುದ್ಧಕ್ಕೆ ಕಂಪನಿ ಪ್ರತ್ಯೇಕವಾಗಿ ಪದಕ ಮಾಡಿಸಿ, ಚಿನ್ನ, ಚಿನ್ನದ ಮುಲಾಮಿನ ಬೆಳ್ಳಿ, ಬೆಳ್ಳಿ, ಕಂಚು, ತವರ ಎಂದು ಅಂತಸ್ತಿಗೆ ತಕ್ಕ ಐದು ಲೋಹಗಳಲ್ಲಿ 1808ರಲ್ಲಿ ಹಂಚಿತ್ತು, ಅದರ ಮೇಲೆ ಸಿಂಹವು ಹುಲಿಯನ್ನು ಕೆಡವಿರುವ ಚಿತ್ರ, ಹುಲಿ ಯಾರೆಂಬುದನ್ನು ವಿವರಿಸಬೇಕಾಗಿಲ್ಲ. ಆದರೆ ಪೇಶ್ವೆಯ ಮೇಲಿನ ಇದೇ ಯುದ್ಧದ ಅಂಗವಾಗಿ 1818ರಲ್ಲಿ ಥಾಮಸ್ ಮನ್ರೋ ಧಾರವಾಡದ ಸೀಮೆಯಿಂದ ಹೊರಟು ಬಾದಾಮಿಯ ಕೋಟೆಯನ್ನು ಹತ್ತಿ, ಮೂರು ವಾರಗಳ ಮುತ್ತಿಗೆಯ ತರುವಾಯ ಬೆಳಗಾವಿಯನ್ನು ಹಿಡಿದು, ಸೊಲ್ಲಾಪುರದವರೆಗೂ ನಡೆದನಷ್ಟೆ. ಅವನೊಡನಿದ್ದ ಸಿಪಾಯಿಗೆ ಬಾದಾಮಿ ಎಂಬ ಪಟ್ಟಿಯಿಲ್ಲ, ಬೆಳಗಾವಿ ಎಂಬ ಪಟ್ಟಿಯೂ ಇಲ್ಲ. ಬದುಕಿದ್ದು ಕೇಳಿದ್ದರೂ ಅವನಿಗೆ ದೊರೆಯುತ್ತಿರಲಿಲ್ಲ. ಪದಕವೆಂಬುದು ಪರಾಕ್ರಮಕ್ಕಿಂತ ಭೂಪಟಕ್ಕೆ ಹೆಚ್ಚು ಅಧೀನವೆಂದು ನನ್ನ ಎಣಿಕೆ.

ಅರ್ಜಿ ಹಾಕಲಾರದೆ ಮಡಿದವರಿಗೆ ಕೋರೆಗಾಂವಿನಲ್ಲಿ ಕಲ್ಲೇ ಗತಿಯಾಯಿತು. 1821ರಲ್ಲಿ ಅಡಿಗಲ್ಲಿಟ್ಟು ಎಬ್ಬಿಸಿದ ಆ ಸ್ತಂಭದ ಮೇಲಿನ ಅಮೃತಶಿಲೆಯ ಫಲಕಗಳಲ್ಲಿ ‘ನಾಕ’ ಎಂದು ಕೊನೆಗಾಣುವ ಹೆಸರುಗಳು ಅನೇಕವಾಗಿವೆ. ಅವು ಮಹಾರ ಎಂಬ ದಲಿತ ಜಾತಿಯ ಸಿಪಾಯಿಗಳವು. ಇದೇ ಮಹಾರರ ಭರ್ತಿಯನ್ನು ಹತ್ತೊಂಬತ್ತನೆಯ ಶತಮಾನದ ಕಡೆಯ ದಶಕದಲ್ಲಿ ಸೈನ್ಯ ನಿಲ್ಲಿಸಿಬಿಟ್ಟಿತು. ಆಗ ಹೊರಟ ಅರ್ಜಿಗಳು ಒಬ್ಬೊಬ್ಬನ ಪದಕಕ್ಕಾಗಿ ಬರೆದವಲ್ಲ, ಒಂದು ಜನಾಂಗದ ಸೇವಾದಾಖಲೆಯನ್ನೇ ಅಳಿಸಿದ್ದೇಕೆಂದು ಕೇಳಿದವು. ಸೈನ್ಯದಿಂದ ನಿವೃತ್ತನಾಗಿದ್ದ ಗೋಪಾಲಬಾಬಾ ವಲಂಗಕರ ಮೊದಲಿಗನಾಗಿ ವಿನಂತಿಪತ್ರ ಬರೆದನು. ಪುಣೆಯ ಶಿವರಾಮ ಜಾನಬಾ ಕಾಂಬಳೆ 1910ರಲ್ಲಿ ಲಂಡನ್ನಿನ ಇಂಡಿಯಾ ಮಂತ್ರಿಯವರೆಗೂ ಮನವಿಯನ್ನು ಮುಟ್ಟಿಸಿದನು. 1927ರ ಜನವರಿ 1ರಂದು ಅಂಬೇಡ್ಕರರು ಅದೇ ಸ್ತಂಭದ ಬಳಿಗೆ ಬಂದರು. 1941ರಲ್ಲಿ ಮಹಾರ್ ರೆಜಿಮೆಂಟ್ ಸ್ಥಾಪಿತವಾದಾಗ ಅದರ ಟೋಪಿಯ ಬಿಲ್ಲೆಯ ಮೇಲೆ ಆ ಸ್ತಂಭವೇ ಇತ್ತು.



ಕೇಳದೆಯೇ ಬಂದ ಪದಕವೂ ಖಡಕಿಯ ಚರಿತ್ರೆಯಲ್ಲಿ ಇಲ್ಲದಿಲ್ಲ. ಕಾರವಾರದ ಬಳಿಯ ಚೆಂಡಿಯಾ ಗ್ರಾಮದ ಮನೆತನದಲ್ಲಿ 1918ರಲ್ಲಿ ಹುಟ್ಟಿದ ರಾಮಾ ರಾಘೋಬಾ ರಾಣೆ, ಪೊಲೀಸ್ ಪೇದೆಯೊಬ್ಬರ ಮಗ, 1940ರಲ್ಲಿ ಇಲ್ಲಿಯ ಸ್ಯಾಪರ್ಸ್ ದಳಕ್ಕೆ ಸಿಪಾಯಿಯಾಗಿ ಸೇರಿ, ಬರ್ಮಾದ ಕಾಡುಗಳಲ್ಲಿ ತಿರುಗಿ, 1947ರ ಡಿಸೆಂಬರಿನಲ್ಲಿ ಅಧಿಕಾರಿಯಾದರು. ಮರುವರ್ಷದ ಏಪ್ರಿಲಿನಲ್ಲಿ, ಕಾಶ್ಮೀರದ ಯುದ್ಧದ ನಡುವೆ, ನೌಶೇರಾದಿಂದ ರಾಜೌರಿಗೆ ಹೋಗುವ ದಾರಿಯಲ್ಲಿ, ಶತ್ರು ಕಡಿದು ಅಡ್ಡಹಾಕಿದ ದೇವದಾರುಜಾತಿಯ ಮರಗಳನ್ನು ಸಿಡಿಸಿ ಸರಿಸುತ್ತ, ಹುಗಿದ ಸಿಡಿಗುಂಡುಗಳನ್ನು ಕೈಯಿಂದ ಕೀಳುತ್ತ, ತಾವೇ ಗಾಯಗೊಂಡೂ ಹಿಂದಕ್ಕೆ ಹೋಗಲೊಪ್ಪದೆ, ಟ್ಯಾಂಕಿನ ಅಡಿಯಲ್ಲಿ ತೆವಳಿಕೊಂಡು ಹೋಗುತ್ತ ಹಗ್ಗದ ಸನ್ನೆಯಿಂದ ಅದರ ಚಾಲಕನನ್ನು ನಡೆಯಿಸಿದ ಅವರ ನಾಲ್ಕು ದಿನಗಳ ಕೆಲಸ ನಡೆದಾಗ, ಅದಕ್ಕೆ ತಕ್ಕ ಪದಕ ದೇಶದಲ್ಲಿ ಇರಲೇ ಇಲ್ಲ. ಪರಮವೀರ ಚಕ್ರ ಸ್ಥಾಪಿತವಾದುದು 1950ರ ಜನವರಿ 26ರಂದು. 1947ರ ಆಗಸ್ಟ್ 15ರಿಂದಲೇ ಅನ್ವಯವೆಂದು ವಿಧಿಸಿದ್ದರಿಂದ ರಾಣೆಯವರ ಹೆಸರು ಅದರೊಳಗೆ ಬಂದಿತು. 1851ರವರು ಮಾಡದೆ ಉಳಿಸಿದ ಒಂದು ತಿದ್ದುಪಡಿಯನ್ನು ಹೊಸ ಗಣರಾಜ್ಯ ಮಾಡಿತು: ಮಡಿದವರಿಗೂ ಈ ಚಕ್ರ ಸಲ್ಲುತ್ತದೆ. ರಾಣೆಯವರು 1968ರಲ್ಲಿ ಮೇಜರ್ ಆಗಿ ನಿವೃತ್ತರಾಗಿ 1994ರಲ್ಲಿ ಪುಣೆಯಲ್ಲಿಯೇ ತೀರಿಕೊಂಡರು.

ಆದರೆ ಶೌರ್ಯಪದಕಕ್ಕೆ ಗೆಜೆಟ್ಟಿದೆ, ರಾಷ್ಟ್ರಪತಿಗಳ ಸಮಾರಂಭವಿದೆ. ಸಾಮಾನ್ಯ ಯುದ್ಧಪದಕಕ್ಕೆ ಇರುವುದು ಪಾರ್ಟ್ ಟೂ ಆರ್ಡರೊಂದೇ. ಟಂಕಸಾಲೆಯಿಂದ ಅದು ಬಂದು ಕೈಸೇರುವುದು ತಡವಾಗುವುದರಿಂದ, ಪೆರೇಡಿನ ದಿನಕ್ಕೆ ಅಂಗಡಿಯಿಂದ ಕೊಂಡ ಪ್ರತಿಯನ್ನು ತೊಡುವ ವಾಡಿಕೆ ಸೈನ್ಯದಲ್ಲಿ ಹಿಂದಿನಿಂದಲೂ ಬಂದಿದೆ. ಅದಕ್ಕೆ ಟೈಲರ್ಸ್ ಕಾಪಿ ಎಂದು ಹೆಸರು. ನೋಡುವವರಿಗೆ ಭೇದ ತಿಳಿಯದು: ಅದೇ ರಿಬ್ಬನ್ನು, ಅದೇ ಮುದ್ರೆ. ಪದಕವನ್ನು ಓರೆಯಾಗಿ ಹಿಡಿದು ಅಂಚನ್ನು ನೋಡಬೇಕು. ಸರ್ಕಾರ ಕೊಟ್ಟ ಪದಕದ ಅಂಚಿನ ಸುತ್ತ ಸಿಪಾಯಿಯ ನಂಬರು, ಹೆಸರು, ದಳ ಕೊರೆದಿರುತ್ತದೆ. 1851ರ ಬೆಳ್ಳಿಯ ಅಂಚಿನಲ್ಲಿಯೂ ಹಾಗೆಯೇ ಪಡೆದವನ ಹೆಸರಿತ್ತು. ಅಂಗಡಿಯದರ ಅಂಚು ನುಣುಪಾಗಿ ಬರಿದಾಗಿರುತ್ತದೆ. ಗಣರಾಜ್ಯೋತ್ಸವದ ಬೆಳಗ್ಗೆ ಕೋಟಿನ ಮೇಲೆ ಅದನ್ನು ಚುಚ್ಚಿಕೊಂಡು ಹೊರಡುವ ಮುದುಕ, ಅರ್ಜಿ ಹಾಕಿ ಅಷ್ಟು ತಿಂಗಳಾಯಿತು, ಖಡಕಿಯಿಂದ ಕಾಗದ ಬಂದಿಲ್ಲವಲ್ಲ ಎಂದು ಮೊಮ್ಮಗನನ್ನು ಕೇಳುವುದು ಆ ಅಂಚನ್ನು ಹೆಬ್ಬೆರಳಿನಿಂದ ಸವರುತ್ತ.